ಒಂದೇ ಒಂದು ಗುಂಡಿ

ಗಿಮರೈಸ್ ಊರಿನ ಇದಾಲಿನಾ
ಗುಂಡಿ ಮಾರುತ್ತಾಳೆ, ಬಿಡಿಬಿಡಿಯಾಗಿ.
ಅಂಗಿ ಕಾರ್ಖಾನೆ ಬಾಗಿಲು ಹಾಕಿದ ವರ್ಷ
ಏಳು ತಿಂಗಳ ಸಂಬಳದ ಬದಲು
ಹದಿನಾಲ್ಕು ಚೀಲ ಹೊರಿಸಿ ಕಳಿಸಿದ್ದರು:
ಚಿಪ್ಪಿನವು, ಕೊಂಬಿನವು, ಹಿತ್ತಾಳೆಯವು,
ಎರಡು ಕಣ್ಣಿನವು, ನಾಲ್ಕು ಕಣ್ಣಿನವು,
ಕಣ್ಣೇ ಇಲ್ಲದೆ ಬೆನ್ನಲ್ಲಿ ಕೊಂಡಿ ಇರುವವು.

ಅಡುಗೆಮನೆಯ ಮೇಜಿನ ಮೇಲೆ
ಶಾಲೆಯ ಅಡಿಕೋಲಿನ ಪಕ್ಕ ಒಂದೊಂದನ್ನೇ ಮಲಗಿಸಿ
ಫೋನಿನಲ್ಲಿ ಪಟ ಹಿಡಿಯುತ್ತಾಳೆ.
ಅಂಚೆಚೀಟಿಯೂ ಸೇರಿ ಎರಡು ಯೂರೋ.
ಕೊಳ್ಳುವವರು ಯಾರೆಂದರೆ
ಬಸ್ಸಿನ ಬಾಗಿಲಲ್ಲಿ ಒಂದನ್ನು ಕಳೆದುಕೊಂಡವರು,
ಮಿಕ್ಕ ಐದು ಗಟ್ಟಿ ಇರುವಾಗ
ಕೋಟು ಎಸೆಯಲು ಮನಸ್ಸು ಬಾರದವರು.

ನಮ್ಮ ಮಾತಿನಲ್ಲಿ ಗುಂಡಿ
ಅಂಗಿಯಲ್ಲೂ ಇರುತ್ತದೆ, ರಸ್ತೆಯಲ್ಲೂ ಇರುತ್ತದೆ.
ಅವಳ ಮಾತಿನಲ್ಲಿ ಗುಂಡಿಗೂ ಮೊಗ್ಗಿಗೂ ಒಂದೇ ಹೆಸರು.

ಬುಧವಾರ ಸಂಜೆ ಹಣ ದಾಟಿಸುವ ಕಂಪನಿಯ ಮಿಂಚಂಚೆ:
“ನಿಮಗೆ ಇನ್ನೂ ಉತ್ತಮ ಸೇವೆ ನೀಡುವ ಸಲುವಾಗಿ...”
ಸಲುವಾಗಿ ಎಂಬಲ್ಲಿಗೇ ನಿಲ್ಲಿಸಿ
ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.
ಒಂದು ವ್ಯಾಪಾರಕ್ಕೆ ಹತ್ತು ಸೆಂಟು ಇದ್ದದ್ದು ಇನ್ನು ಮೂವತ್ತೈದು.
ಅದರ ಮೇಲೆ ನೂರಕ್ಕೆ ಮೂರು, ಚೂರು ಕಡಿಮೆ.

ಲಕೋಟೆಯ ಬೆನ್ನ ಮೇಲೆ ಕೂಡಿ ಕಳೆದಳು.
ಎರಡು ಯೂರೋದಲ್ಲಿ ಅಂಚೆಚೀಟಿಗೆ ನೂರಮೂವತ್ತು ಸೆಂಟು,
ಅವರಿಗೆ ನಲವತ್ತೊಂದು,
ಉಳಿದದ್ದು ಇಪ್ಪತ್ತೊಂಬತ್ತು.
ಅದರಲ್ಲೇ ಲಕೋಟೆ,
ಅದರಲ್ಲೇ ಗುಂಡಿ,
ಅದರಲ್ಲೇ ಇದಾಲಿನಾ.

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನುತ್ತೇವಲ್ಲ,
ಆನೆಯೇ ಮನೆಮನೆಯ ಬಾಗಿಲಿಗೆ ಬಂದು
ಅರೆಕಾಸಿನ ಮಜ್ಜಿಗೆ ಕೇಳೀತೆಂದು
ಗಾದೆ ಕಟ್ಟಿದವರಿಗೆ ಹೊಳೆದಿರಲಿಲ್ಲ.

ತಂಗಿಯ ಮಗ ವಾಲ್ದೆಮಾರ್ ಬಂದು ಹೇಳಿದ:
“ಆರರ ಕಟ್ಟು ಮಾಡಿ ಮಾರು ದೊಡ್ಡಮ್ಮ,
ಶುಲ್ಕ ಒಂದೇ ಸಲ ಬೀಳುತ್ತೆ.”
ಲೆಕ್ಕ ಸರಿ.
“ಆರೂ ಒಟ್ಟಿಗೆ ಯಾರು ಕಳೆದುಕೊಳ್ಳುತ್ತಾರೋ?
ಅಷ್ಟೂ ಕಿತ್ತುಹೋದವರಿಗೆ
ನನ್ನ ಗುಂಡಿಯಿಂದ ಏನಾಗಬೇಕು?”
ಅವನು ಬಿಸ್ಕತ್ತು ತಿಂದು ಹೊರಟುಹೋದ.

ಮೂರು ವಾರ ಆರರ ಕಟ್ಟು ಇಟ್ಟು ನೋಡಿದಳು.
ಮಾರಿದ್ದು ಎರಡು ಕಟ್ಟು, ಒಂದು ನಾಟಕದ ಕಂಪನಿಗೆ.
ನಾಲ್ಕನೆಯ ವಾರ ಪಟದ ಕೆಳಗೆ ಹೀಗೆ ಬರೆದಳು:
“ಒಂದು ಸಾಕೆನ್ನುವವರು
ಕಾರ್ಡಿಗೆ ಎರಡು ಯೂರೋ ನಾಣ್ಯ ಅಂಟಿಸಿ ಕಳಿಸಿ.”

ಎರಡು ಯೂರೋ ಕಳಿಸಲು ಒಂದೂವರೆ ಯೂರೋದ ಅಂಚೆಚೀಟಿ!
ಲೆಕ್ಕ ಬಲ್ಲವರು ನಗಲಿ.
ಮೊದಲ ನಾಣ್ಯ ಬರಲು ಹನ್ನೊಂದು ದಿನ ಹಿಡಿಯಿತು.
ಅಂಚೆಯ ಅಬೀಲಿಯೊ ಲಕೋಟೆಯನ್ನು ಕಿವಿಯ ಬಳಿ ಅಲ್ಲಾಡಿಸಿ
“ನಿನ್ನದೇ” ಅಂದ.
ಟೇಪಿನ ಕೆಳಗೆ ಬೆಳ್ಳಿ ಬಣ್ಣದ ಅಂಚು, ಹೊನ್ನ ಬಣ್ಣದ ನಡು.
ತೂತು ಕೊರೆದರೆ ಇದನ್ನೂ ಹೊಲಿಯಬಹುದಿತ್ತು.

ಆಮೇಲೆ ಟ್ರಿಯೆಸ್ತೆಯಿಂದ ಒಂದು.
ಕಾರ್ಕ್‌ನಿಂದ ಎರಡು, ಒಂದು ದಾರಿಯಲ್ಲೇ ಉದುರಿಹೋಗಿ
ಟೇಪಿನ ಮೇಲೆ ಅದರ ದುಂಡು ಗುರುತು ಮಾತ್ರ ಬಂತು.
ಅದಕ್ಕೂ ಗುಂಡಿ ಕಳಿಸಿದಳು.

ಇವತ್ತು ಗ್ದಿನ್ಯಾ ಬಂದರಿನಿಂದ ಬಂದ ಕಾರ್ಡಿನಲ್ಲಿ
ನಾಣ್ಯವಿಲ್ಲ.
“ನಮ್ಮಲ್ಲಿ ಯೂರೋ ನಡೆಯುವುದಿಲ್ಲ.
ಕೋಟಿಗೆ ಕಪ್ಪು ಗುಂಡಿ ಒಂದು ಬೇಕು, ನಾಲ್ಕು ಕಣ್ಣಿನದು.
ಬದಲಿಗೆ ಇದು ಆದೀತೇ?”
ಅಂಟಿಸಿದ್ದದ್ದು ಅಂಬರಿನದು, ಜೇನು ಬಣ್ಣ,
ಎರಡು ಕಣ್ಣು, ಅಂಚಿನಲ್ಲಿ ಸಣ್ಣ ಮುಕ್ಕು.
ಹದಿನಾಲ್ಕು ಚೀಲದಲ್ಲಿ ಇದರ ಜೊತೆ ಇಲ್ಲ.

ಅಡಿಕೋಲಿನ ಪಕ್ಕ ಇಟ್ಟಳು. ಪಟ ಹಿಡಿಯಲಿಲ್ಲ.
ಲೆಕ್ಕದ ಪುಸ್ತಕ ತೆರೆದು
ಹೋದದ್ದು: ಗುಂಡಿ ಒಂದು.
ಬಂದದ್ದು: ಗುಂಡಿ ಒಂದು.
ಶುಲ್ಕ ಎಂಬಲ್ಲಿ ಸೊನ್ನೆ ಸುತ್ತಿದಳು.
ಪೆನ್ನು ಅಲ್ಲೇ ನಿಂತಿತ್ತು ಸ್ವಲ್ಪ ಹೊತ್ತು.
ಸೊನ್ನೆಯ ಒಳಗೆ
ಎರಡು ಚುಕ್ಕೆ ಇಟ್ಟಳು.